ಕಚೇರಿಯ ಲೆಕ್ಕಪತ್ರ, ಮನೆಯ ಕಂಪ್ಯೂಟರ್: ಅನುಕೂಲ ಮತ್ತು ಎಚ್ಚರಿಕೆ

ಜಿಎಸ್‌ಟಿಆರ್-3ಬಿ ನಮೂನೆ ಸಲ್ಲಿಸಬೇಕಾದ ತಿಂಗಳ 20ನೇ ತಾರೀಖು ಸಮೀಪಿಸಿದಂತೆ ಅನೇಕ ಸಣ್ಣ ಉದ್ಯಮಗಳ ಲೆಕ್ಕದ ಕೆಲಸ ಕಚೇರಿಯಿಂದ ಮನೆಗೆ ಸಾಗುತ್ತದೆ. ಲೆಕ್ಕಿಗರು ಸಂಜೆ ದತ್ತಾಂಶವನ್ನು ಪೆನ್ ಡ್ರೈವ್‌ಗೆ ನಕಲು ಮಾಡಿಕೊಂಡು ಹೋಗುತ್ತಾರೆ. ರಾತ್ರಿ ಖರೀದಿ ಬಿಲ್ಲುಗಳನ್ನು ನಮೂದಿಸಿ, ಮರುದಿನ ಹಳೆಯ ಕಡತದ ಮೇಲೆ ಹೊಸದನ್ನು ಹಾಕುತ್ತಾರೆ. ಅಷ್ಟರಲ್ಲಿ ಮತ್ತೊಬ್ಬ ನೌಕರ ಕಚೇರಿಯಲ್ಲಿ ಮಾರಾಟದ ಇನ್‌ವಾಯ್ಸ್‌ಗಳನ್ನು ನಮೂದಿಸಿದ್ದರೆ ಅವು ಸದ್ದಿಲ್ಲದೆ ಅಳಿಸಿಹೋಗುತ್ತವೆ.

ಕಚೇರಿಯಲ್ಲಿ ಒಂದೇ ಸಾಮಾನ್ಯ ಸಂಗ್ರಹ ಸಾಧನವನ್ನು, ಅಂದರೆ 'ನಾಸ್' ಡ್ರೈವನ್ನು ಇಟ್ಟು, ಮನೆಯಿಂದಲೂ ಅದನ್ನೇ ಬಳಸುವುದು ಇದಕ್ಕೆ ಪರಿಹಾರ. ಆದರೆ ಆ ಸಂಪರ್ಕವನ್ನು ಕಲ್ಪಿಸುವ ಬಗೆಯಲ್ಲಿಯೇ ಸುರಕ್ಷತೆ ಅಡಗಿದೆ.

ಸಂಪರ್ಕದ ಬಗೆ

ಕಚೇರಿಯೊಳಗೆ 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಸೌಲಭ್ಯದಿಂದ ಸಾಧನವು ಕಂಪ್ಯೂಟರ್‌ನ ಮತ್ತೊಂದು ಡ್ರೈವ್‌ನಂತೆ ಕಾಣಿಸುತ್ತದೆ. 192.168ರಿಂದ ಆರಂಭವಾಗುವ ಅದರ ವಿಳಾಸ ಖಾಸಗಿಯಾದುದು. ಮನೆಯಿಂದ ನೇರವಾಗಿ ಸಿಗದು. ಆದುದರಿಂದ ಮೊದಲು ವಿಪಿಎನ್ ಮೂಲಕ ಕಚೇರಿಯ ಜಾಲವನ್ನು ಸೇರಿ, ಅನಂತರ ಡ್ರೈವ್ ತೆರೆಯಬೇಕು. ಮನೆಯ ಹಾಗೂ ಕಚೇರಿಯ ರೂಟರ್‌ಗಳೆರಡೂ ಒಂದೇ ವಿಳಾಸಶ್ರೇಣಿಯನ್ನು ಬಳಸುತ್ತಿದ್ದರೆ ಸಂಪರ್ಕ ಏರ್ಪಟ್ಟರೂ ಡ್ರೈವ್ ಸಿಗದೆ ಹೋಗಬಹುದು. ಒಂದರ ಶ್ರೇಣಿಯನ್ನು ಬದಲಿಸಬೇಕಾಗುತ್ತದೆ.

ವಿಪಿಎನ್‌ನ ತೊಡಕೇಕೆಂದು ರೂಟರ್‌ನಲ್ಲಿ 445ನೇ ಪೋರ್ಟನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆಯುವುದು ಅಂಗಡಿಯ ಬಾಗಿಲಿಗೆ ಬೀಗ ಹಾಕದೆ ಮಲಗಿದಂತೆ. 2017ರ ಮೇ ತಿಂಗಳಿನಲ್ಲಿ ಜಗತ್ತನ್ನು ಕಾಡಿದ 'ವಾನಾಕ್ರೈ' ಹರಡಿದ್ದು ಇದೇ ಹಾದಿಯಲ್ಲಿ. ಆ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್‌ನಲ್ಲಿಯೇ ಪರಿಹಾರ ನೀಡಿತ್ತು ಎಂಬುದು ಗಮನಾರ್ಹ.

ಲೆಕ್ಕದ ತಂತ್ರಾಂಶಕ್ಕೆ ಬೇರೆ ದಾರಿ

ಪತ್ರ, ಪಿಡಿಎಫ್, ಕೊಟೇಶನ್ ಮೊದಲಾದವುಗಳಿಗೆ ಈ ವ್ಯವಸ್ಥೆ ಸಾಕು. ಲೆಕ್ಕದ ತಂತ್ರಾಂಶದ ದತ್ತಾಂಶವನ್ನು ಮಾತ್ರ ಮನೆಯಿಂದ ಹೀಗೆ ತೆರೆಯುವುದು ಉಚಿತವಲ್ಲ. ವೇಗ ಕುಗ್ಗುವುದಲ್ಲದೆ, ನಮೂದಿನ ನಡುವೆ ಸಂಪರ್ಕ ಕಡಿದರೆ ಕಡತವೇ ಕೆಡಬಹುದು. ವಿಪಿಎನ್ ಮೂಲಕ 'ರಿಮೋಟ್ ಡೆಸ್ಕ್‌ಟಾಪ್' ಬಳಸಿ ಕಚೇರಿಯ ಕಂಪ್ಯೂಟರನ್ನೇ ನಡೆಸುವುದು ಮೇಲು. ಆಗ ಮನೆಗೆ ಬರುವುದು ಪರದೆಯ ಚಿತ್ರ ಮಾತ್ರ; ಲೆಕ್ಕ ಕಚೇರಿಯಲ್ಲಿಯೇ ಉಳಿಯುತ್ತದೆ.

ಕಾನೂನಿನ ಹೊಣೆ

ಜಿಎಸ್‌ಟಿ ಕಾಯಿದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳು 8 ಆರ್ಥಿಕ ವರ್ಷಗಳ ಪುಸ್ತಕಗಳನ್ನು ಇಟ್ಟಿರಬೇಕು. ವಿದ್ಯುನ್ಮಾನ ಲೆಕ್ಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಬೇಕೆಂದು 2022ರ ಆಗಸ್ಟ್‌ನ ತಿದ್ದುಪಡಿ ವಿಧಿಸಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡು ದಾಖಲಾಗುವುದೂ ಕಡ್ಡಾಯ. ಪೆನ್ ಡ್ರೈವ್‌ನಲ್ಲಿ ಹೋಗಿಬರುವ ಪುಸ್ತಕದಲ್ಲಿ ಈ ಜಾಡು ಉಳಿಯುವ ಭರವಸೆಯಿಲ್ಲ.

ನಾಸ್‌ನಲ್ಲಿ ಎರಡು ಡಿಸ್ಕ್‌ಗಳಿದ್ದರೆ ಬ್ಯಾಕಪ್ ಆಯಿತೆಂಬ ಭಾವನೆ ತಪ್ಪು. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ, ನಿಜ. ಆದರೆ ಅಳಿಸಿದ ಕಡತ ಎರಡರಲ್ಲಿಯೂ ಅಳಿಯುತ್ತದೆ. ಜಾಲದಿಂದ ಬೇರ್ಪಡಿಸಿದ ಇನ್ನೊಂದು ಪ್ರತಿ ಅವಶ್ಯ.

ಪ್ರತಿ ನೌಕರನಿಗೂ ಪ್ರತ್ಯೇಕ ಗುಪ್ತಪದ, ಕೆಲಸ ಬಿಟ್ಟವರ ಪ್ರವೇಶ ಅಂದೇ ರದ್ದು, ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಕಡತವನ್ನು ಮರಳಿ ತೆರೆದು ನೋಡುವುದು: ಈ ಮೂರು ಶಿಸ್ತುಗಳಿಗೆ ವಿಶೇಷ ವೆಚ್ಚವಿಲ್ಲ. ತಿಜೋರಿಯ ಬೀಗದ ಕೈ ಯಾರಲ್ಲಿದೆಯೆಂದು ತಿಳಿದಿರುವ ಮಾಲೀಕರು ಲೆಕ್ಕದ ಡ್ರೈವ್‌ನ ಕೀಲಿ ಯಾರಲ್ಲಿದೆಯೆಂಬುದನ್ನೂ ತಿಳಿದಿರಬೇಕು.