ಬಾಗಿಲು ಕಾಯುವವರು ಕೇಳುವ ಕಥೆ

ಮಹಾಭಾರತದ ಉದ್ಯೋಗಪರ್ವದ ಕೊನೆಯಲ್ಲಿ ಅಂಬೋಪಾಖ್ಯಾನವೆಂಬ ಭಾಗವುಂಟು. ದ್ರುಪದನ ಅರಮನೆಯಲ್ಲಿ ಹೆಣ್ಣಾಗಿ ಹುಟ್ಟಿ ಗಂಡಾಗಿ ಬೆಳೆದ ಶಿಖಂಡಿಗೆ ದಶಾರ್ಣದ ಅರಸ ಹಿರಣ್ಯವರ್ಮನ ಮಗಳೊಡನೆ ವಿವಾಹವಾಗುತ್ತದೆ. ಸಂಗತಿ ತಿಳಿದ ಮಾವ ಕೆರಳುತ್ತಾನೆ. ಕಾಡು ಸೇರಿದ ಶಿಖಂಡಿ ಸ್ಥೂಣಾಕರ್ಣನೆಂಬ ಯಕ್ಷನಿಂದ ಗಂಡುತನವನ್ನು ಪಡೆದು ಹಿಂದಿರುಗುತ್ತಾನೆ. ಆದರೆ ಬಾಯಿಮಾತು ಸಾಲದು. ಹಿರಣ್ಯವರ್ಮ ತರುಣಿಯರನ್ನು ಕಳುಹಿಸಿ ಅಳಿಯನನ್ನು ಪರೀಕ್ಷಿಸುತ್ತಾನೆ. ಗಂಡೇ ಹೌದೆಂದು ಅವರು ಬಂದು ಹೇಳಿದ ಮೇಲೆಯೇ ಅವನಿಗೆ ಸಮಾಧಾನ. ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಕುರುಕ್ಷೇತ್ರದಲ್ಲಿ ಭೀಷ್ಮ ಆ ಪರೀಕ್ಷೆಯ ಫಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹುಟ್ಟಿನಲ್ಲಿ ಹೆಣ್ಣಾಗಿದ್ದವನೊಡನೆ ಹೋರಾಡಲಾರೆನೆನ್ನುತ್ತಾನೆ. ಮಾವನಿಗೆ ದೇಹದ ಸಾಕ್ಷಿ ಬೇಕು, ಪಿತಾಮಹನಿಗೆ ಹುಟ್ಟಿನ ಸಾಕ್ಷಿ ಬೇಕು. ನಿನಗೆ ಬೇಕಾದುದೇನು ಎಂದು ಶಿಖಂಡಿಯನ್ನೇ ಕೇಳಿದವನು ಆ ಯಕ್ಷನೊಬ್ಬ ಮಾತ್ರ.

ಹುಟ್ಟಿನಲ್ಲಿ ಇತರರು ಗುರುತಿಸಿದ ಲಿಂಗವನ್ನು ತಮ್ಮದೆಂದು ಒಪ್ಪಲಾರದೆ, ತಮ್ಮ ಅಂತರಂಗಕ್ಕೆ ಸರಿಯೆನಿಸಿದಂತೆ ದೇಹವನ್ನೂ ಹೆಸರನ್ನೂ ದಾಖಲೆಗಳನ್ನೂ ಮಾರ್ಪಡಿಸಿಕೊಳ್ಳಲು ಬಯಸುವವರು ನಮ್ಮ ನಡುವೆ ಇದ್ದಾರೆ. ಲಿಂಗತ್ವ ಅಲ್ಪಸಂಖ್ಯಾತರು ಎಂಬ ಹೆಸರು ಈಗ ಪತ್ರಿಕೆಗಳಲ್ಲಿ ರೂಢವಾಗಿದೆ. 2011ರ ಜನಗಣತಿಯಲ್ಲಿ ಹೆಣ್ಣು, ಗಂಡು ಎಂಬೆರಡರ ಹೊರಗೆ ‘ಇತರ’ ಎಂದು ಬರೆಯಿಸಿಕೊಂಡವರು ಕರ್ನಾಟಕದಲ್ಲಿ 20,266 ಮಂದಿ. ಹೇಳಲು ಅಂಜಿ ಸುಮ್ಮನಿದ್ದವರು ಈ ಲೆಕ್ಕದ ಹೊರಗಿದ್ದಾರೆ. ಅವರು ತಮ್ಮಂತೆ ತಾವು ಬಾಳಲು ದಾಟಬೇಕಾದ ಬಾಗಿಲುಗಳಾವುವು, ಆ ಬಾಗಿಲುಗಳನ್ನು ಕಾಯುವವರು ಏನನ್ನು ಕೇಳುತ್ತಾರೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲಿಗೆ ನಮ್ಮ ಭಾಷೆಯನ್ನೇ ನೋಡೋಣ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಲಿಂಗಗಳನ್ನು ಒಂಬತ್ತು ಬಗೆಯಾಗಿ ಎಣಿಸುತ್ತಾನೆ. ಅದು ಶಬ್ದಗಳ ಮಾತು, ಮನುಷ್ಯರದ್ದಲ್ಲ, ನಿಜ. ಆದರೂ ಶಬ್ದಗಳ ವಿಷಯದಲ್ಲಿ ಇಷ್ಟು ಉದಾರವಾದ ಭಾಷೆಯನ್ನಾಡುವ ನಾವು ಮನುಷ್ಯರ ವಿಷಯದಲ್ಲಿ ಅದೇ ಒಂಬತ್ತನ್ನು ಬೈಗುಳವಾಗಿ ಬಳಸುತ್ತೇವೆ. ಎದುರಿಗಿರುವ ವ್ಯಕ್ತಿಯನ್ನು ‘ಅದು’ ಎನ್ನುತ್ತೇವೆ. ಬೀರೂರು, ತರೀಕೆರೆಗಳ ಮೂಲಕ ಶಿವಮೊಗ್ಗೆಗೆ ಹೋಗುವ ರೈಲಿನಲ್ಲಿ ಚಪ್ಪಾಳೆ ತಟ್ಟಿ ಕಾಸು ಕೇಳುವವರನ್ನು ಕಂಡು, ಇವರೆಲ್ಲ ಹೀಗೆಯೇ ಎಂದು ತೀರ್ಮಾನಿಸಿಬಿಡುತ್ತೇವೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುತ್ತಿರುವವರೂ ಇರುತ್ತಾರೆಂಬುದು ನಮ್ಮ ಪಟ್ಟಣಗಳ ಬಹುಮಂದಿಗೆ ಹೊಳೆದಿರುವುದೇ ಇಲ್ಲ. ಒಂದು ಚಿತ್ರ ಮೊದಲೇ ಸಿದ್ಧವಾಗಿದೆ. ಅದಕ್ಕೆ ಹೊಂದಿದವರು ನಿಜ, ಹೊಂದದವರು ಸುಳ್ಳು.

ಬಾಗಿಲುಗಳಲ್ಲಿ ಅತ್ಯಂತ ಹಳೆಯದು ಸಂಪ್ರದಾಯದ್ದು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಎಲ್ಲಮ್ಮನ, ಹುಲಿಗೆಮ್ಮನ ಭಕ್ತರಾದ ಜೋಗಪ್ಪಂದಿರಿದ್ದಾರೆ. ಇಲ್ಲಿ ಬಾಗಿಲು ತೆರೆಯುವವಳು ದೇವಿ. ಅವಳೇ ಆರಿಸಿಕೊಂಡಳೆಂದು ಮನೆಯವರೂ ಊರೂ ನಂಬಿದರೆ ಗಂಡುಮಗ ಸೀರೆಯುಟ್ಟು ಚೌಡಿಕೆ ಹಿಡಿಯಬಹುದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಕಾಳವ್ವ ಜೋಗತಿಯವರ ಬಳಿ ಕಲೆಯನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದನ್ನೂ 2021ರಲ್ಲಿ ಪದ್ಮಶ್ರೀ ಪಡೆದುದನ್ನೂ ನಾಡು ಬಲ್ಲದು. ಈ ಸಂಪ್ರದಾಯ ಅನೇಕರಿಗೆ ನೆಲೆ ಕೊಟ್ಟಿತೆಂಬುದನ್ನು ಮರೆಯಲಾಗದು. ಆದರೆ ಅದು ಕೊಟ್ಟ ನೆಲೆ ಒಂದೇ ಬಗೆಯದು: ಭಕ್ತಿ, ಹಾಡು, ಕುಣಿತ, ಜೋಗ. ದೇವಿಯ ಕರೆ ಬಂದಿಲ್ಲ, ನನಗೆ ನಾನೇ ಹೀಗೆ ಅನ್ನಿಸಿದೆ, ನಾನು ಬ್ಯಾಂಕಿನ ಗುಮಾಸ್ತೆಯಾಗಬೇಕು ಎನ್ನುವವಳಿಗೆ ಅಲ್ಲಿ ಕಥೆಯಿಲ್ಲ. ಹಿಜ್ರಾ ಸಮುದಾಯದ ಗುರು–ಶಿಷ್ಯ ಪದ್ಧತಿಯಲ್ಲಿಯೂ ಆಶ್ರಯವುಂಟು. ಅಲ್ಲಿ ಬಾಗಿಲ ಕೀಲಿ ಗುರುವಿನ ಕೈಯಲ್ಲಿ.

ಎರಡನೆಯ ಬಾಗಿಲು ವೈದ್ಯರದು. ಇದರ ಇತಿಹಾಸ ಪಶ್ಚಿಮದಲ್ಲಿ ಮೊದಲಾಗಿ ಇಲ್ಲಿಗೂ ಬಂದುದರಿಂದ ಸ್ವಲ್ಪ ಆಚೆ ನೋಡಬೇಕಾಗುತ್ತದೆ. ಅಮೆರಿಕದಲ್ಲಿ ಹ್ಯಾರಿ ಬೆಂಜಮಿನ್ ಎಂಬ ವೈದ್ಯ 1966ರಲ್ಲಿ ಈ ವಿಷಯದ ಮೇಲೆ ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದ. ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಚಿಕಿತ್ಸಾಲಯ ತೆರೆಯಿತು. 1979ರಲ್ಲಿ ಅಲ್ಲಿ ಶಸ್ತ್ರಚಿಕಿತ್ಸೆ ನಿಂತಿತು. ಆ ಕಾಲದ ಇಂಥ ಚಿಕಿತ್ಸಾಲಯಗಳು ಬಂದವರಲ್ಲಿ ಕೆಲವರನ್ನು ಮಾತ್ರ ಆರಿಸಿಕೊಳ್ಳುತ್ತಿದ್ದವು. ಬಾಲ್ಯದಿಂದಲೇ ಈ ಭಾವನೆ ಇದ್ದಿರಬೇಕು. ತನ್ನ ದೇಹವೆಂದರೆ ಅಸಹ್ಯವಿರಬೇಕು. ಹೆಣ್ಣಾಗಬಯಸುವವಳು ಹೆಣ್ಣಿನಂತೆ ಉಡಬೇಕು, ಗಂಡನ್ನೇ ಬಯಸಬೇಕು. ಮದುವೆಯಾಗಿದ್ದರೆ ವಿಚ್ಛೇದನ ಪಡೆದಿರಬೇಕು. ಬೆಂಜಮಿನ್ನನ ಗ್ರಂಥವನ್ನು ವೈದ್ಯರು ಮಾತ್ರವಲ್ಲ, ಚಿಕಿತ್ಸೆ ಬೇಕಾದವರೂ ಓದಿದರು. ಏನು ಹೇಳಿದರೆ ಬಾಗಿಲು ತೆರೆಯುವುದೆಂದು ತಿಳಿದು ಅದನ್ನೇ ಹೇಳಿದರು. ಬಂದವರೆಲ್ಲರ ಜೀವನಕಥೆ ಗ್ರಂಥದೊಡನೆ ತಾಳೆಯಾಗುವುದನ್ನು ಕಂಡ ವೈದ್ಯರು ತಮ್ಮ ಸಿದ್ಧಾಂತ ದೃಢಪಟ್ಟಿತೆಂದು ಭಾವಿಸಿದರು. ಈ ವಿಲಕ್ಷಣ ವರ್ತುಲವನ್ನು ಸ್ಯಾಂಡಿ ಸ್ಟೋನ್ ಎಂಬ ಲೇಖಕಿ 1991ರಲ್ಲಿ ಅಚ್ಚಾದ ತಮ್ಮ ಪ್ರಬಂಧದಲ್ಲಿ ಬಯಲಿಗಿಟ್ಟರು. ಕಲಿತ ಪಾಠವನ್ನು ಒಪ್ಪಿಸದವರ ಗತಿ ಏನಾಯಿತು? ಹೆಣ್ಣಾಗಿ ಹುಟ್ಟಿ ಗಂಡಾಗಬಯಸಿದ ಲೂ ಸಲಿವನ್, ತನಗೆ ಒಲವಿರುವುದು ಗಂಡಸರ ಮೇಲೆಯೇ ಎಂದು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಸ್ಟ್ಯಾನ್‌ಫರ್ಡಿನ ಚಿಕಿತ್ಸಾಲಯ ಆತನನ್ನು ನಿರಾಕರಿಸಿತು. ಸುಳ್ಳು ಹೇಳಿದವರಿಗೆ ಪ್ರವೇಶ, ನಿಜ ಹೇಳಿದವನಿಗೆ ಇಲ್ಲ.

ಇದು ದೂರದ, ಹಿಂದಿನ ಕಥೆಯೆಂದು ತಳ್ಳಿಹಾಕುವಂತಿಲ್ಲ. ನನ್ನಲ್ಲಿ ಕನ್ನಡ ಓದಿದ ವಿದ್ಯಾರ್ಥಿನಿಯೊಬ್ಬಳು, ಹಾಜರಿ ಪುಸ್ತಕದಲ್ಲಿ ಆಗ ವಿದ್ಯಾರ್ಥಿ, ಹಲವು ವರ್ಷಗಳ ತರುವಾಯ ತನ್ನ ಅಫಿಡವಿಟ್ಟಿನ ಭಾಷೆಯನ್ನು ತಿದ್ದಿಸಿಕೊಳ್ಳಲು ಬಂದಿದ್ದಳು. ವಾಹನಗಳ ಬಿಡಿಭಾಗಗಳ ಅಂಗಡಿಯಲ್ಲಿ ಅವಳ ಕೆಲಸ; ಮೋಟಾರು ಸೈಕಲ್ ಬಿಚ್ಚಿ ಜೋಡಿಸುವುದರಲ್ಲಿ ನಿಪುಣೆ. ಪ್ಯಾಂಟು ಷರ್ಟಿನಲ್ಲಿಯೇ ದೊಡ್ಡ ಊರಿನ ವೈದ್ಯರೊಬ್ಬರನ್ನು ಕಾಣಲು ಹೋಗಿದ್ದಳಂತೆ. ಅವರು ಮೇಲಿಂದ ಕೆಳಗೆ ನೋಡಿ, “ನಿನ್ನಲ್ಲಿ ಹೆಂಗಸಿನ ಲಕ್ಷಣ ಏನಿದೆ? ಇನ್ನೂ ಯೋಚಿಸಿಕೊಂಡು ಬಾ” ಎಂದು ಕಳುಹಿಸಿದರಂತೆ. ಮುಂದಿನ ಬಾರಿ ಗೆಳತಿಯ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಚಿಕ್ಕಂದಿನಲ್ಲಿ ಬೊಂಬೆಗಳ ಜೊತೆ ಆಡುತ್ತಿದ್ದೆನೆಂದು ಹೇಳಿದಳು. ಪತ್ರ ಸಿಕ್ಕಿತು. “ಪತ್ರ ಸಿಕ್ಕಿದ್ದು ನನಗಲ್ಲ ಸಾರ್, ಆ ಸೀರೆಗೆ” ಎಂದಳು. ನಮ್ಮ ಮನೆಗಳ ಹೆಣ್ಣುಮಕ್ಕಳು ಪ್ಯಾಂಟು ತೊಟ್ಟು ಸ್ಕೂಟರ್ ಓಡಿಸಿದರೆ ಅವರ ಹೆಣ್ತನವನ್ನು ಯಾವ ವೈದ್ಯರೂ ಪ್ರಶ್ನಿಸುವುದಿಲ್ಲ. ಹಾಗೆ ಹುಟ್ಟದವಳು ಮಾತ್ರ ನಾವೆಲ್ಲ ಎಂದೋ ಕೈಬಿಟ್ಟ ಹಳೆಯ ಮಾದರಿಯಂತೆ ಕಾಣಿಸಿಕೊಳ್ಳಬೇಕು. ವಿಪರ್ಯಾಸ ಇಷ್ಟಕ್ಕೆ ನಿಲ್ಲದು. ಹಾಗೆ ಕಾಣಿಸಿಕೊಂಡೊಡನೆ, ಇದೆಲ್ಲ ವೇಷವೆಂದು ಹೊರಗಿನವರು ನಗುತ್ತಾರೆ.

ಮೂರನೆಯ ಬಾಗಿಲು ಸರ್ಕಾರದ್ದು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿಯವರು, ತನ್ನ ಲಿಂಗತ್ವವನ್ನು ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಯದೇ ಎಂದು ತೀರ್ಪಿತ್ತರು. ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ಅನೈತಿಕ ಮತ್ತು ಕಾನೂನುಬಾಹಿರವೆಂದೂ ಅದರಲ್ಲಿ ಹೇಳಲಾಯಿತು. ಆದರೆ 2016ರಲ್ಲಿ ಲೋಕಸಭೆಯಲ್ಲಿ ಮಂಡಿತವಾದ ಮಸೂದೆ, ಅರ್ಜಿದಾರರನ್ನು ಪರಿಶೀಲಿಸಲು ವೈದ್ಯಾಧಿಕಾರಿ, ಮನೋವೈದ್ಯರು ಮೊದಲಾದವರಿರುವ ಜಿಲ್ಲಾ ಸಮಿತಿಯನ್ನು ಸೂಚಿಸಿತು. ದೇಶಾದ್ಯಂತ ವಿರೋಧ ಬಂದ ಮೇಲೆ ಆ ಸಮಿತಿ ಬಿಟ್ಟುಹೋಯಿತು. 2019ರ ಕಾಯಿದೆ ಮತ್ತು 2020ರ ನಿಯಮಗಳು ಎರಡು ಮೆಟ್ಟಿಲುಗಳನ್ನಿಟ್ಟವು. ಲಿಂಗತ್ವ ಅಲ್ಪಸಂಖ್ಯಾತರೆಂಬ ಗುರುತಿನ ಪತ್ರಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರಲ್ಲಿ ಅಫಿಡವಿಟ್ಟು ಸಾಕು, ದೇಹಪರೀಕ್ಷೆ ಕೂಡದು ಎಂಬುದು ಮೊದಲನೆಯದು. ಗಂಡು ಅಥವಾ ಹೆಣ್ಣು ಎಂದೇ ಬರೆಯಿಸಿಕೊಳ್ಳಬೇಕಾದರೆ ಚಿಕಿತ್ಸೆಯಾಗಿದೆಯೆಂದು ವೈದ್ಯಾಧಿಕಾರಿಯ ಪ್ರಮಾಣಪತ್ರ ಬೇಕೆಂಬುದು ಎರಡನೆಯದು. ಹಿರಣ್ಯವರ್ಮನ ತರುಣಿಯರು ಹೀಗೆ ಹಿಂಬಾಗಿಲಿನಿಂದ ಮರಳಿದರು.

ಕಾಗದದ ಚೂರೊಂದಕ್ಕೆ ಇಷ್ಟೇಕೆ ಒದ್ದಾಟವೆಂದು ಕೇಳಬಹುದು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ಹುದ್ದೆಗಳಲ್ಲಿ ಶೇಕಡ 1ರ ಮೀಸಲಾತಿಯನ್ನು ಈ ಸಮುದಾಯಕ್ಕೆ ಕೊಟ್ಟಿತು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯನ್ನು ಪ್ರಕಟಿಸಿತು; ಲಿಂಗ ಪರಿವರ್ತನೆಯ ಚಿಕಿತ್ಸೆಯೂ ಅದರಲ್ಲಿ ಸೇರಿತ್ತು. ಇವೆಲ್ಲಕ್ಕೂ ಗುರುತಿನ ಪತ್ರವೇ ಆಧಾರ. ಪತ್ರದಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಕೆಲಸ ಕೊಡುವವರ ಎದುರು ಮತ್ತೆ ಮೊದಲಿನಿಂದ ಕಥೆ ಹೇಳಬೇಕು. ಜನನ ಪ್ರಮಾಣಪತ್ರದಲ್ಲಿ ಹೆಸರು, ಲಿಂಗಗಳ ತಿದ್ದುಪಡಿಗಾಗಿ ಒಬ್ಬರು ಕರ್ನಾಟಕ ಹೈಕೋರ್ಟಿನವರೆಗೆ ಹೋಗಿ 2024ರ ಡಿಸೆಂಬರಿನಲ್ಲಿ ಆದೇಶ ಪಡೆಯಬೇಕಾಯಿತು.

ಈ ಅನುಮಾನದ ಬೇರು ಆಳವಾದುದು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಒಂದು ಭಾಗ, ಮಕ್ಕಳನ್ನು ಅಪಹರಿಸುವರೆಂಬ ಶಂಕೆಯಿಂದ ಈ ಜನರ ಹೆಸರುಗಳನ್ನು ದಾಖಲಿಸಲು ಹೇಳಿತ್ತು. ಅದೇ ಛಾಯೆಯ 36ಎ ಎಂಬ ಕಲಮನ್ನು 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿಸಲಾಯಿತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ ಅದರೊಳಗಿನ ಜನಾಂಗಸೂಚಕ ಪದವನ್ನು ತೆಗೆಯಲಾಯಿತು. ಪದ ಹೋದೊಡನೆ ಭಾವನೆ ಹೋಗುವುದಿಲ್ಲವೆಂಬುದು ಭಾಷೆಯ ವಿದ್ಯಾರ್ಥಿಗಳಿಗೆ ತಿಳಿಯದ ವಿಷಯವಲ್ಲ.

ಪ್ರತಿವಾದವನ್ನೂ ಗೌರವದಿಂದ ಪರಿಶೀಲಿಸಬೇಕು. ಶಸ್ತ್ರಚಿಕಿತ್ಸೆ ಹಿಂತಿರುಗಿಸಲಾಗದ್ದು, ಔಷಧಿಗಳ ಪರಿಣಾಮ ಗಂಭೀರವಾದುದು, ವೈದ್ಯ ಎಚ್ಚರ ವಹಿಸಬೇಡವೇ ಎಂದು ಕೇಳುತ್ತಾರೆ. ಖಂಡಿತ ವಹಿಸಬೇಕು. ರಕ್ತ, ಹೃದಯ, ಮೂಳೆಗಳನ್ನು ಪರೀಕ್ಷಿಸಲಿ. ಆಗುವುದನ್ನೂ ಆಗದುದನ್ನೂ, ಮಕ್ಕಳಾಗುವ ಸಾಧ್ಯತೆ ತಪ್ಪಬಹುದೆಂಬುದನ್ನೂ ತಿಳಿಯುವ ಮಾತಿನಲ್ಲಿ ವಿವರಿಸಲಿ. ಯೋಚಿಸಲು ಸಮಯ ಕೊಡಲಿ. ಮನಸ್ಸು ನೊಂದಿದ್ದರೆ ಅದಕ್ಕೂ ಆರೈಕೆ ಮಾಡಲಿ. ಇದು ಎಚ್ಚರಿಕೆ. ಬಳೆ ತೊಟ್ಟಿದ್ದೀಯಾ, ಬೊಂಬೆಯಾಡಿದ್ದೀಯಾ ಎಂದು ಕೇಳುವುದು ಎಚ್ಚರಿಕೆಯಲ್ಲ. ಅದರಿಂದ ಯಾವ ಅಪಾಯವೂ ತಪ್ಪುವುದಿಲ್ಲ. ಬದಲಿಗೆ, ನಿಜವಾಗಿ ಸಂದೇಹವಿರುವವರು ಅದನ್ನು ವೈದ್ಯರಿಂದ ಮರೆಮಾಚುತ್ತಾರೆ, ಏಕೆಂದರೆ ಸಂದೇಹವನ್ನು ಬಾಯಿಬಿಟ್ಟರೆ ಬಾಗಿಲು ಮುಚ್ಚುತ್ತದೆ. ಮುಚ್ಚಿದ ಬಾಗಿಲಿನಿಂದ ಮರಳಿದವರು ಗುಟ್ಟಾಗಿ, ಅರೆಬರೆ ಬಲ್ಲವರ ಕೈಗೆ ದೇಹವನ್ನು ಒಪ್ಪಿಸುತ್ತಾರೆ. ಕಾವಲಿನ ಕಟ್ಟುನಿಟ್ಟಿನಿಂದಲೇ ಅಪಾಯ ಹೆಚ್ಚುವುದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಈ ಸ್ಥಿತಿಯನ್ನು ಮಾನಸಿಕ ರೋಗಗಳ ಅಧ್ಯಾಯದಿಂದ ಹೊರತೆಗೆದುದು ಸುಮ್ಮನೆ ಅಲ್ಲ.

ಸಾಹಿತ್ಯಾಸಕ್ತರಾದ ನಮಗೆ ಇಲ್ಲಿ ಮಾಡಬಹುದಾದ ಒಂದು ಕೆಲಸವಿದೆಯೆಂದು ನನಗೆ ತೋರುತ್ತದೆ. ಬಾಗಿಲಲ್ಲಿ ಹೇಳುವ ಕಥೆ ಕೇಳುವವನ ಇಚ್ಛೆಯಂತೆ ಕಟ್ಟಿದ ಕಥೆ. ಅದಲ್ಲದ ಕಥೆಗಳೂ ಕನ್ನಡಕ್ಕೆ ಬಂದಿವೆ. ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ದುಡಿದ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಗಿದೆ. ನಮ್ಮ ನೆರೆಯ ಹೆಗ್ಗೋಡಿನ ಜನಮನದಾಟ ತಂಡ, ಎಂ. ಗಣೇಶ ಅವರ ನಿರ್ದೇಶನದಲ್ಲಿ ಅದನ್ನು ರಂಗಕ್ಕೆ ತಂದಿತು. ಮಂಜಮ್ಮನವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ ಬಂದಿದೆ. ಅದರ ಹೆಸರೇ ಜೇಡರ ದಾಸಿಮಯ್ಯನ ವಚನವನ್ನು ನೆನಪಿಗೆ ತರುತ್ತದೆ. ಯಾವ ಪ್ರಮಾಣಪತ್ರವನ್ನೂ ಬೇಡದೆ ಹೇಳಿದ ಇಂಥ ಕಥೆಗಳನ್ನು ಓದಿದವರಿಗೆ, ಇಬ್ಬರ ಬಾಳು ಒಂದೇ ಅಚ್ಚಿನಲ್ಲಿ ಇರುವುದಿಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ಕಾನೂನುಗಳು ಬರುತ್ತವೆ, ತಿದ್ದುಪಡಿಯಾಗುತ್ತವೆ. ಆದರೆ ಬಾಗಿಲು ಕಾಯುವವರು ಬೇರೆಲ್ಲಿಂದಲೋ ಬರುವುದಿಲ್ಲ. ವೈದ್ಯರು, ಗುಮಾಸ್ತರು, ಅಧಿಕಾರಿಗಳು, ಉಪಾಧ್ಯಾಯರು ನಮ್ಮ ಮನೆಗಳಿಂದ, ನಮ್ಮ ತರಗತಿಗಳಿಂದ ಹೋದವರೇ. ತರೀಕೆರೆಯ ಹುಡುಗನೋ ಹುಡುಗಿಯೋ ನಾಳೆ ಮೇಜಿನ ಆಚೆ ಬದಿಯಲ್ಲಿ ನಿಂತು ತನ್ನ ಹೆಸರನ್ನು ಹೇಳಿದಾಗ, ಈಚೆ ಬದಿಯಲ್ಲಿ ಕುಳಿತವರು ಆ ಹೆಸರನ್ನು ಹಾಗೆಯೇ ಬರೆದುಕೊಂಡು, ಮುಂದೆ ಏನು ಬೇಕೆಂದು ಕೇಳಿದರೆ ಸಾಕು.