ಪದರಕ್ಕೂ ಒಂದು ಮುಖ

1830ರ ದಶಕದ ನಡುವೆ ಸ್ವಿಟ್ಜರ್ಲೆಂಡಿನ ಹುಡುಗನೊಬ್ಬ ವೈದ್ಯನಾಗಲೆಂದು ಸ್ಟ್ರಾಸ್‌ಬೂರ್ಗ್ ಪಟ್ಟಣಕ್ಕೆ ಹೋದ. ಹೆಸರು ಅಮಾಂಟ್ಸ್ ಗ್ರೆಸ್ಲಿ. ಜೂರಾ ಬೆಟ್ಟಸಾಲಿನ ಬೇರ್ಶ್‌ವಿಲ್ ಎಂಬ ಊರಲ್ಲಿ ಗಾಜು ತಯಾರಿಸುವ ಮನೆತನದವನು. ಸ್ಟ್ರಾಸ್‌ಬೂರ್ಗ್‌ನಲ್ಲಿ ಅವನಿಗೆ ವೋಲ್ಟ್ಸ್ ಎಂಬ ಗಣಿ ಎಂಜಿನಿಯರ್ ಗಂಟುಬಿದ್ದ. ಕಲ್ಲು, ಕಲ್ಲಾದ ಚಿಪ್ಪು, ಅವುಗಳ ವಯಸ್ಸು, ಇದೇ ಆತನ ಮಾತು. ಜೂರಾದ ಶಿಲೆಗಳನ್ನು ಬಲ್ಲ ಜೂಲ್ ತುರ್ಮಾನ್ ಆ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದ. ವೈದ್ಯಶಾಸ್ತ್ರ ಅಲ್ಲಿಗೆ ನಿಂತಿತು. ಹುಡುಗ ಸುತ್ತಿಗೆ ಹಿಡಿದು ಬೆಟ್ಟಕ್ಕೆ ಮರಳಿದ.

ಆ ಕಾಲದ ಭೂವಿಜ್ಞಾನಿಗಳ ಕೈಯಲ್ಲಿ ಒಂದು ಒಳ್ಳೆಯ ಸೂತ್ರವಿತ್ತು. ಇಂಗ್ಲೆಂಡಿನಲ್ಲಿ ಕಾಲುವೆಗಳ ಸರ್ವೆ ಮಾಡುತ್ತಿದ್ದ ವಿಲಿಯಂ ಸ್ಮಿತ್, ಒಂದೊಂದು ಶಿಲಾಪದರಕ್ಕೂ ಅದರದೇ ಪಳೆಯುಳಿಕೆಗಳಿರುತ್ತವೆ ಎಂದು ತೋರಿಸಿಕೊಟ್ಟಿದ್ದ. ಚಿಪ್ಪು ನೋಡು, ಪದರ ಯಾವುದೆಂದು ಹೇಳು. ಇಂಗ್ಲೆಂಡಿನಲ್ಲಿ ಅದು ಚೆನ್ನಾಗಿ ಕೂಡಿಬಂದಿತ್ತು. ಜೂರಾದಲ್ಲಿ ಮಾತ್ರ ಲೆಕ್ಕ ತಪ್ಪುತ್ತಿತ್ತು. ಒಂದು ಬೆಟ್ಟದಲ್ಲಿ ಪರಿಚಿತವಾದ ಎರಡು ಪದರಗಳ ನಡುವೆ ಹವಳ ತುಂಬಿದ ಬಿಳಿ ಸುಣ್ಣಕಲ್ಲು ಸಿಗುತ್ತಿತ್ತು. ಕಣಿವೆ ದಾಟಿ ಇನ್ನೊಂದು ಬೆಟ್ಟಕ್ಕೆ ಹೋದರೆ ಅವೇ ಎರಡು ಪದರಗಳ ನಡುವೆ ಬೂದುಬಣ್ಣದ ಮೆತ್ತನೆಯ ಜೇಡಿಗಲ್ಲು. ಅದರಲ್ಲಿ ಹವಳದ ಚೂರೂ ಇಲ್ಲ. ಸೂತ್ರ ಹಿಡಿದು ಹೊರಟವರಿಗೆ ಇವು ಎರಡು ಬೇರೆ ಬೇರೆ ಕಾಲದ ಕಲ್ಲುಗಳು. ಹಾಗಾದರೆ ಮೇಲಿನ ಪದರವೂ ಕೆಳಗಿನ ಪದರವೂ ಎರಡು ಕಡೆ ಒಂದೇ ಆಗಿರುವುದು ಹೇಗೆ?

ಎಲ್ಲರೂ ಬೆಟ್ಟವನ್ನು ಬುಡದಿಂದ ತುದಿಗೆ ಓದುತ್ತಿದ್ದರು. ಕೆಳಗಿನದು ಹಳೆಯದು, ಮೇಲಿನದು ಹೊಸದು. ಗ್ರೆಸ್ಲಿ ಅಡ್ಡಕ್ಕೆ ನಡೆದ. ಒಂದೇ ಪದರವನ್ನು ಹಿಡಿದು, ಅದು ಹುಲ್ಲಿನಡಿ ಮರೆಯಾದರೆ ಮುಂದಿನ ಹಳ್ಳದ ದಂಡೆಯಲ್ಲಿ ಮತ್ತೆ ಹುಡುಕಿ, ಮೈಲಿಗಟ್ಟಲೆ ಬೆನ್ನಟ್ಟಿದ. ಕೇಳಲು ಸುಲಭ, ನಡೆಯಲು ಅಲ್ಲ. ಜೂರಾದ ಪದರಗಳು ಮಡಿಚಿದ ಕಂಬಳಿಯ ಹಾಗೆ ಏಳುತ್ತವೆ, ಬೀಳುತ್ತವೆ, ನಡುವೆ ತುಂಡಾಗುತ್ತವೆ. ಕಾಡು ಅವನ್ನು ಮುಚ್ಚಿಬಿಡುತ್ತದೆ. ಎಷ್ಟೋ ಸಲ ಜಾಡು ತಪ್ಪಿ ಹಿಂದಕ್ಕೆ ಬಂದು ಮೊದಲಿನಿಂದ ಶುರುಮಾಡಬೇಕು. ಅವನು ರೈತರ ಕೊಟ್ಟಿಗೆಗಳಲ್ಲಿ ಮಲಗಿದ, ಕೊಟ್ಟದ್ದನ್ನು ಉಂಡ. ಕೋಟಿನ ಜೇಬುಗಳು ಕಲ್ಲಿನ ಭಾರಕ್ಕೆ ಜೋತುಬಿದ್ದಿದ್ದವು. ಕೂಡಿಟ್ಟ ಪಳೆಯುಳಿಕೆಗಳ ಸಂಖ್ಯೆ ಬರುಬರುತ್ತ 25,000ದ ಹತ್ತಿರ ಬಂತು.

ಉತ್ತರ ಅಂಗೈಯಗಲದ ಚೂರುಗಳಲ್ಲಿ ಸಿಕ್ಕಿತು. ಹವಳದ ಸುಣ್ಣಕಲ್ಲಿನಲ್ಲಿ ದಪ್ಪ ಚಿಪ್ಪಿನ ಜೀವಿಗಳು, ಕಡಲ ಮುಳ್ಳುಚೆಂಡುಗಳು. ಅಲೆಯ ಹೊಡೆತ ತಾಳುವ ಮೈ. ಜೇಡಿಗಲ್ಲಿನಲ್ಲಿ ತೆಳುಚಿಪ್ಪಿನ, ಕೆಸರಲ್ಲಿ ಹೂತು ಬದುಕುವ ಜೀವಿಗಳು. ಕಲ್ಲು ಬದಲಾದಲ್ಲೆಲ್ಲ ಜೀವಿಗಳ ಬಳಗವೂ ಬದಲಾಗುತ್ತಿತ್ತು. ಅದೇ ಕಲ್ಲು ಮರಳಿ ಕಂಡರೆ ಅದೇ ಬಳಗ ಮರಳಿ ಬರುತ್ತಿತ್ತು. ಒಂದೇ ಕಾಲ, ಒಂದೇ ಕಡಲು. ಇಲ್ಲಿ ಹವಳದ ದಿಬ್ಬ, ಆಚೆಗೆ ಕೆಸರಿನ ತಳ. 1838ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಸೊಲೊಥುರ್ನ್ ಸೀಮೆಯ ಜೂರಾದ ಬಗ್ಗೆ ಪ್ರಕಟಿಸತೊಡಗಿದ ಪ್ರಬಂಧದಲ್ಲಿ ಒಂದೇ ಪದರ ಜಾಗದಿಂದ ಜಾಗಕ್ಕೆ ತೋರುವ ಈ ಬೇರೆ ಬೇರೆ ರೂಪಕ್ಕೆ ಗ್ರೆಸ್ಲಿ ಒಂದು ಹೆಸರಿಟ್ಟ: ಫೇಸೀಸ್. ಲ್ಯಾಟಿನ್‌ನಲ್ಲಿ ಮುಖ, ಚರ್ಯೆ ಎಂದರ್ಥ. ವೈದ್ಯರು ರೋಗಿಯ ಮುಖಚರ್ಯೆಗೂ ಅದೇ ಪದ ಬಳಸುತ್ತಿದ್ದರು. ಅರ್ಧಕ್ಕೆ ಬಿಟ್ಟ ಓದಿನಿಂದ ಅವನು ತಂದ ಒಂದೇ ಒಂದು ಲಾಭ ಇದಿರಬಹುದೇನೋ.

ಮುಂದಿನ ಬದುಕು ಸುಖದ್ದಾಗಿರಲಿಲ್ಲ. ಆಗಲೇ ಪ್ರಸಿದ್ಧನಾಗಿದ್ದ ಪ್ರಕೃತಿವಿಜ್ಞಾನಿ ಲೂಯಿ ಅಗಾಸಿ ಅವನನ್ನು ನ್ಯೂಶಾಟೆಲ್‌ಗೆ ಕರೆಸಿಕೊಂಡ. ಸಂಗ್ರಹವೂ ಜೊತೆಗೆ ಹೋಯಿತು. 1846ರಲ್ಲಿ ಅಗಾಸಿ ಅಮೆರಿಕಕ್ಕೆ ಹೊರಟಾಗ ಗ್ರೆಸ್ಲಿ ಹೆಚ್ಚುಕಡಿಮೆ ಬರಿಗೈಯಾಗಿದ್ದ. ಕೈಹಿಡಿದದ್ದು ರೈಲು. 1850ರ ದಶಕದಲ್ಲಿ ಹೌವೆನ್‌ಸ್ಟೈನ್ ಬೆಟ್ಟ ಕೊರೆದು ಸುಮಾರು ಎರಡೂವರೆ ಕಿಲೋಮೀಟರ್ ಸುರಂಗ ಮಾಡಹೊರಟವರಿಗೆ, ಒಳಗೆ ಯಾವ ಕಲ್ಲು ಎದುರಾಗುತ್ತದೆಂದು ಮೊದಲೇ ತಿಳಿಯಬೇಕಿತ್ತು. ಗ್ರೆಸ್ಲಿ ಬೆಟ್ಟದ ಮೇಲೆಲ್ಲ ನಡೆದು, ಕಾಣದ ಒಳಗನ್ನು ಕಾಗದದ ಮೇಲೆ ಬರೆದುಕೊಟ್ಟ. ಅಗೆಯುತ್ತ ಹೋದಂತೆ ಒಳಗಿನ ಬೆಟ್ಟ ಬಹುಪಾಲು ಆ ಕಾಗದಕ್ಕೆ ಹೊಂದಿಕೊಂಡಿತು. ತೆರೆದ ಸಮುದ್ರಗಳನ್ನು ಅವನು ನೋಡಿದ್ದು ಆಮೇಲೆ. 1861ರಲ್ಲಿ ಪ್ರಾಣಿವಿಜ್ಞಾನಿ ಕಾರ್ಲ್ ಫೋಗ್ಟ್ ಜೊತೆ ಹಡಗು ಹತ್ತಿ ಐಸ್‌ಲ್ಯಾಂಡ್‌ವರೆಗೆ ಹೋಗಿಬಂದ. ಅಷ್ಟರಲ್ಲಿ ಮನಸ್ಸು ಹದ ತಪ್ಪತೊಡಗಿತ್ತು. 1865ರ ಏಪ್ರಿಲ್‌ನಲ್ಲಿ, ಬರ್ನ್ ಹತ್ತಿರದ ವಾಲ್ಡೌ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವನಿಗೆ ಐವತ್ತು.

ಕತೆಯ ಇನ್ನರ್ಧ ಉಳಿದಿತ್ತು. ಅಡ್ಡಕ್ಕೆ ನಡೆದವನ ಮಾತಿಗೂ ಮೇಲಕ್ಕೆ ಏರುವವರ ಮಾತಿಗೂ ಸಂಬಂಧವೇನು? ಇದನ್ನು ಬಿಡಿಸಿದವನು ಜರ್ಮನಿಯ ಯೊಹಾನೆಸ್ ವಾಲ್ಟರ್. ಸತ್ತ ಕಲ್ಲನ್ನು ಅರಿಯಲು ಅವನು ಜೀವಂತ ಕಡಲ ದಂಡೆಗಳಿಗೆ ಹೋದ. ನೇಪಲ್ಸ್, ಸಿನಾಯ್, ಅಲ್ಲಿಂದ ನಮ್ಮ ರಾಮಸೇತುವಿನ ತನಕ. ಪಾಕ್ ಜಲಸಂಧಿಯ ಹವಳದ ದಿಬ್ಬಗಳ ಮೇಲೆ 1891ರಲ್ಲಿ ಪುಸ್ತಕವನ್ನೇ ಬರೆದ. ದಂಡೆ ಸರಿಯುತ್ತದೆ, ಕಡಲು ಏರಿಳಿಯುತ್ತದೆ. ಇವತ್ತು ಹವಳ ಇರುವಲ್ಲಿ ನಾಳೆ ಕೆಸರು ಬಂದು ಕೂರುತ್ತದೆ. ಅಕ್ಕಪಕ್ಕ ಇದ್ದವೇ ಕಾಲಕ್ರಮದಲ್ಲಿ ಒಂದರ ಮೇಲೊಂದು ಕೂರುತ್ತವೆ ಎಂದು 1894ರ ಹೊತ್ತಿಗೆ ಅವನು ನಿಯಮ ಬರೆದಿಟ್ಟ. ನಡುವೆ ಸವೆತವಾಗಲಿ ಬಿರುಕಾಗಲಿ ಬಾರದಿದ್ದರೆ, ನಿಂತಲ್ಲೇ ಕೊರೆದ ಒಂದೇ ಕೊಳವೆಬಾವಿಯಿಂದ ಸುತ್ತಲಿನ ಕಡಲನ್ನು ಊಹಿಸಬಹುದಾಯಿತು.

ಗ್ರೆಸ್ಲಿಯ ಪದ ಮುಂದೆ ಕಂಪ್ಯೂಟರಿನೊಳಕ್ಕೂ ಹೋಯಿತು. 1978ರ ಸುಮಾರಿಗೆ ಜರ್ಮನಿಯ ಯೂಲಿಷ್‌ನಲ್ಲಿ ಡೀಟ್ರಿಷ್ ವೆಲ್ಟೆ ಮತ್ತು ಅವನ ಜೊತೆಗಾರರು, ಸಂಚಯನ ದ್ರೋಣಿಯೊಂದರ, ಅಂದರೆ ಕೆಸರು ಮರಳು ಪದರಪದರವಾಗಿ ತುಂಬಿಕೊಂಡ ತಗ್ಗಿನ, ಕೋಟ್ಯಂತರ ವರ್ಷಗಳ ಬದುಕನ್ನು ಕಂಪ್ಯೂಟರಿನಲ್ಲಿ ಮರಳಿ ಓಡಿಸಿ ನೋಡತೊಡಗಿದರು. ಅಂಥ ತಂತ್ರಾಂಶಗಳಿಗೆ ಪದರದ ದಪ್ಪ, ವಯಸ್ಸು ಕೊಟ್ಟರೆ ಸಾಲದು, ಪದರದ ಮುಖವನ್ನೂ ಹೇಳಬೇಕು. ಈ ಪದರಕ್ಕೆ ಈ ಫೇಸೀಸ್ ಎಂದು ಗುರುತು ಹಾಕಿದೊಡನೆ ಆ ಕಲ್ಲಿನ ಗುಣಗಳೆಲ್ಲ ಅದಕ್ಕೆ ಅಂಟಿಕೊಳ್ಳುತ್ತವೆ. ಎಷ್ಟು ಭಾರಕ್ಕೆ ಎಷ್ಟು ಕುಗ್ಗುತ್ತದೆ, ನೀರನ್ನು ಬಿಡುತ್ತದೋ ತಡೆಯುತ್ತದೋ, ಶಾಖವನ್ನು ಎಷ್ಟು ಬೇಗ ದಾಟಿಸುತ್ತದೆ. ಹೊಸ ಜೇಡಿಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರು. ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ಅದು ಹಿಂಡಿಹೋಗಿ ಪದರ ತೆಳ್ಳಗಾಗುತ್ತದೆ. ಉಪ್ಪಿನ ಪದರ ಜೇಡಿಗಲ್ಲಿಗಿಂತ ಹಲವು ಪಟ್ಟು ಬೇಗ ಶಾಖ ಸಾಗಿಸುತ್ತದೆ. ಒಂದು ಪದರಕ್ಕೆ ತಪ್ಪು ಮುಖ ಅಂಟಿಸಿದರೆ ಅದರಡಿಯ ಪದರಗಳೆಲ್ಲ ತಪ್ಪು ಉಷ್ಣತೆ ತೋರಿಸುತ್ತವೆ. ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಹುಟ್ಟುವ ಕಚ್ಚಾತೈಲ, ಲೆಕ್ಕದಲ್ಲಿ ಹುಟ್ಟದೆಯೇ ಹೋಗಬಹುದು.

ಇಡೀ ಪದರಕ್ಕೆ ಒಂದೇ ಫೇಸೀಸ್ ಹಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ. ಎಚ್ಚರದ ಕೈಗಳು ಹಾಗೆ ಮಾಡುವುದಿಲ್ಲ. ಪದರವೊಂದಕ್ಕೆ ನಕ್ಷೆಯನ್ನೇ ಬರೆದು, ಈ ಬದಿಗೆ ಹವಳದ ಸುಣ್ಣಕಲ್ಲಿನ ಬಣ್ಣ, ಆ ಬದಿಗೆ ಜೇಡಿಯ ಬಣ್ಣ ತುಂಬುತ್ತಾರೆ. ನಡುವೆ ಎಲ್ಲಿ ಗೆರೆ ಎಳೆಯಬೇಕೆಂದು ತಿಳಿಯಲು ಒಂದು ಬಾವಿಯಿಂದ ಇನ್ನೊಂದಕ್ಕೆ ಅಡ್ಡಕ್ಕೇ ಹೋಗುತ್ತಾರೆ.