ಎರಡು ಸಾವಿರ ಸಾಕಾ ಅಂತ ಕೇಳೋ ಮೊದಲು, ಯಾವ ತಾರೀಕಿಗೆ ಅಂತ ಕೇಳಿ

ಸರ್ಕಾರ ಎಲ್ಲರಿಗೂ ಮೂಲ ಆದಾಯ ಕೊಡಬೇಕಾ? ಈ ಪ್ರಶ್ನೆ ಬಂದ ಕೂಡಲೇ ನಮ್ಮಲ್ಲಿ ಎರಡು ಬಣ ಆಗುತ್ತೆ. ‘ಜನ ಸೋಮಾರಿಗಳಾಗ್ತಾರೆ’ ಅನ್ನೋರು ಒಂದು ಕಡೆ, ‘ಬಡವರಿಗೆ ಕೊಟ್ರೆ ನಿಮಗ್ಯಾಕೆ ಹೊಟ್ಟೆಉರಿ’ ಅನ್ನೋರು ಇನ್ನೊಂದು ಕಡೆ. ಈ ಜಗಳದಲ್ಲಿ ಒಂದು ಸಂಗತಿ ಮರೆತುಹೋಗಿದೆ: ಇದರ ಅರ್ಧ ಪ್ರಯೋಗ ಕರ್ನಾಟಕದಲ್ಲಿ ಆಗಲೇ ನಡೀತಿದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ ಅದು.

ಮೂಲ ಆದಾಯ ಅಂದ್ರೆ ಐದು ಮಾತು: ನಗದಾಗಿರಬೇಕು, ಷರತ್ತಿರಬಾರದು, ಎಲ್ಲರಿಗೂ ಸಿಗಬೇಕು, ಒಬ್ಬೊಬ್ಬರಿಗೂ ಸಿಗಬೇಕು, ನಿಯಮಿತವಾಗಿ ಬರಬೇಕು. ಗೃಹಲಕ್ಷ್ಮಿ ನಗದು, ಖರ್ಚಿಗೆ ಷರತ್ತಿಲ್ಲ. ಆದರೆ ಹಣ ಹೋಗೋದು ರೇಷನ್ ಕಾರ್ಡಿನ ಯಜಮಾನಿಗೆ ಮಾತ್ರ. ಅವರೋ ಗಂಡನೋ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅದೂ ಇಲ್ಲ. ಐದು ಜನರ ಮನೆಯಲ್ಲಿ 2,000 ರೂಪಾಯಿ ಅಂದ್ರೆ ತಲೆಗೆ 400.

ತಲೆಗೆ 1,000 ಕೊಟ್ಟರೆ? 2011ರ ಜನಗಣತಿಯ 6.11 ಕೋಟಿ ಜನರನ್ನೇ ಹಿಡಿದರೂ ವರ್ಷಕ್ಕೆ 73,000 ಕೋಟಿ ದಾಟುತ್ತೆ. 2025–26ರ ಬಜೆಟ್‌ನಲ್ಲಿ ಐದೂ ಗ್ಯಾರಂಟಿಗಳಿಗೆ ಸೇರಿ ಇಟ್ಟಿದ್ದು 51,034 ಕೋಟಿ. ಹಾಗಾಗಿ ಮೊತ್ತದ ಚರ್ಚೆ ಬೇಗ ಗೋಡೆಗೆ ಬಡಿಯುತ್ತೆ. ಐದನೇ ಮಾತು, ಅಂದರೆ ನಿಯಮಿತವಾಗಿ ಬರೋದು, ಹಾಗಲ್ಲ.

ಅದು ಎಷ್ಟು ಮುಖ್ಯ ಅಂತ ತಿಳಿಯೋಕೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಳೆಗಾಲ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಗಂಗೊಳ್ಳಿಯಲ್ಲಿ ಬೋಟು ನಿಂತರೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿನ ದುಡಿಮೆಗೂ ಪೆಟ್ಟು. ಶಾಲೆ ಶುರುವಾಗೋದೂ ಅದೇ ಹೊತ್ತಿಗೆ. ಮೀನುಗಾರರಿಗೆ ಉಳಿತಾಯ-ಪರಿಹಾರ ಯೋಜನೆ ಇದೆ: ಅವರು 1,500 ಕಟ್ಟಿದರೆ ಕೇಂದ್ರ, ರಾಜ್ಯ ಸೇರಿ 3,000 ಹಾಕಿ, ಮೂರು ತಿಂಗಳು ತಲಾ 1,500 ಕೊಡುತ್ತವೆ. ಆದರೆ ಗೇರುಬೀಜದ ಫ್ಯಾಕ್ಟರಿಗೆ ಹೋಗುವವರಿಗೆ, ಮನೆಯಲ್ಲೇ ಬೀಡಿ ಕಟ್ಟುವವರಿಗೆ ಅದು ಅನ್ವಯಿಸಲ್ಲ.

ಇಂಥ ಮನೆಗೆ ‘ಜೂನ್ 5ಕ್ಕೆ 2,000 ಬರುತ್ತೆ’ ಅನ್ನೋ ಖಾತ್ರಿ ಇದ್ದರೆ ಅಂಗಡಿಯವರ ಹತ್ತಿರ ಸಾಲದ ಮಾತಾಡಬಹುದು, ಬಳೆ ಅಡವಿಡೋದನ್ನು ಮುಂದಕ್ಕೆ ಹಾಕಬಹುದು. ಗೃಹಲಕ್ಷ್ಮಿ ಕಂತು ತಡವಾದದ್ದು, ಎರಡು ಮೂರು ಕಂತು ಬಾಕಿ ಉಳಿದದ್ದು ಎಲ್ಲರಿಗೂ ಗೊತ್ತು. ‘ದುಡ್ಡ್ ಬಂತಾ?’ ಅಂತ ಕೇಳಿ ತಿಳಿಯಬೇಕಾದ ಹಣವನ್ನು ನಂಬಿ ಯಾರೂ ಸಂಸಾರದ ಲೆಕ್ಕ ಹಾಕಲ್ಲ. ಅದು ಸಂಬಳದ ಹಾಗಲ್ಲ, ಹಬ್ಬದ ಇನಾಮಿನ ಹಾಗೆ.

ಅಧ್ಯಯನ ಹೇಗಿರಬೇಕು ಅನ್ನೋದಕ್ಕೆ ಮಾದರಿ ನಮ್ಮ ದೇಶದಲ್ಲೇ ಇದೆ. 2011ರಲ್ಲಿ ‘ಸೇವಾ’ ಸಂಘಟನೆ ಯುನಿಸೆಫ್ ನೆರವಿನಿಂದ ಮಧ್ಯಪ್ರದೇಶದ 8 ಹಳ್ಳಿಗಳ ಪ್ರತಿ ವಯಸ್ಕರಿಗೆ ತಿಂಗಳಿಗೆ 200, ಆಮೇಲೆ 300 ರೂಪಾಯಿ ಕೊಟ್ಟಿತು. ಮಕ್ಕಳಿಗೆ ಅದರ ಅರ್ಧ. ಹಣ ಕೊಡದ 12 ಹಳ್ಳಿಗಳ ಜೊತೆ ಹೋಲಿಸಿದಾಗ ಕಂಡದ್ದು: ಊಟ ಸುಧಾರಿಸಿತು, ಮಕ್ಕಳ ಶಾಲಾ ಹಾಜರಿ ಏರಿತು, ಜನ ಕೆಲಸ ಬಿಡಲಿಲ್ಲ.

ಗೃಹಲಕ್ಷ್ಮಿಯಲ್ಲಿ ಹೀಗೆ ಹೋಲಿಸೋಕೆ ‘ಹಣ ಸಿಗದ ಊರು’ ಇಲ್ಲ, ಯಾಕಂದ್ರೆ ಇಡೀ ರಾಜ್ಯಕ್ಕೆ ಒಂದೇ ಸಲ ಬಂತು. ಇಂಜಿನಿಯರಿಂಗ್ ಲ್ಯಾಬಿನಲ್ಲಿ ಕಲಿತ ಒಂದು ಪಾಠ ಇಲ್ಲಿ ನೆರವಿಗೆ ಬರುತ್ತೆ: ಒಂದೇ ಅಂಶ ಬದಲಿಸು, ಉಳಿದದ್ದನ್ನು ಮುಟ್ಟಬೇಡ. ಬದಲಿಸಬೇಕಾದದ್ದು ತಾರೀಕು. ಈ ಮೂರು ತಾಲೂಕುಗಳ ಗ್ರಾಮ ಪಂಚಾಯಿತಿಗಳಲ್ಲಿ ಚೀಟಿ ಎತ್ತಿ, ಅರ್ಧದಷ್ಟಕ್ಕೆ ಒಂದು ವರ್ಷ ಪ್ರತಿ ತಿಂಗಳು 5ಕ್ಕೇ ಹಣ ಅಂತ ಲಿಖಿತ ಭರವಸೆ ಕೊಡಲಿ. ಉಳಿದವು ಈಗಿನಂತೆಯೇ ಇರಲಿ. ಯಾರ ಹಣವೂ ಕಡಿಮೆಯಾಗೋದಿಲ್ಲ. ಕರಾವಳಿಯ ಊರು, ಘಟ್ಟದ ಬುಡದ ಊರು, ಎರಡೂ ಪಟ್ಟಿಯಲ್ಲಿರಲಿ.

ಅಳೆಯಬೇಕಾದದ್ದು ನಾಲ್ಕೇ: ಜೂನ್-ಜುಲೈನಲ್ಲಿ ಸೊಸೈಟಿಯಲ್ಲಿ ಅಡವಾದ ಚಿನ್ನ, ಅಂಗಡಿಯ ಬಾಕಿ, ಮೈಕ್ರೋಫೈನಾನ್ಸ್ ಸಾಲ, ದುಡಿದ ದಿನಗಳು. ಇದಕ್ಕೆ ಹೊಸ ಯೋಜನೆ ಬೇಡ, ಖಾತೆಗಳು ಆಗಲೇ ಇವೆ. ಸಮೀಕ್ಷೆಯ ಖರ್ಚು ಬಿಟ್ಟರೆ ಬೇಕಾಗಿರೋದು ಖಜಾನೆಯ ಶಿಸ್ತು.

ಸೋಮಾರಿತನದ ವಾದಕ್ಕೂ ಉದ್ಧಾರದ ವಾದಕ್ಕೂ ಆಗ ಅಂಕಿ ಸಿಗುತ್ತೆ. 2,000ವನ್ನೇ ತಾರೀಕಿಗೆ ಸರಿಯಾಗಿ ಕೊಡೋಕೆ ಆಗದಿದ್ದರೆ, ಎಲ್ಲರಿಗೂ ಮೂಲ ಆದಾಯ ಅನ್ನೋ ಭರವಸೆ ಕೊಡುವ ಪಕ್ಷವನ್ನು ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ.